ಬೀಗದಕ್ಕನ ಪರೀಕ್ಷೆ

ಅವಳು ಹೊಟ್ಟೆಕಿಚ್ಚಿನ ಹೆಂಗಸು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಮದುವೆಯಾದ ಹೊಸತರಲ್ಲಿ ಅವಳ ಗಂಡ "ಸ್ವಲ್ಪ ಸ್ವಾಭಿಮಾನ ಜಾಸ್ತಿ" ಎಂದು ನೆಂಟರ ಮುಂದೆ ಹೇಳಿ ನೋಡಿದ. ಯಾರೂ ನಂಬದ ಕಾರಣ ಅದನ್ನೂ ಬಿಟ್ಟ. ಎದುರುಮನೆಯ ಕಿಟಕಿಗೆ ಹೊಸ ಪರದೆ ಬಂದರೆ ಅವಳ ಮನೆಯ ಪರದೆ ಅವತ್ತೇ ಹಳತಾಗುತ್ತಿತ್ತು. ಚಿಕ್ಕವಳಿದ್ದಾಗ ತಂಗಿಗೆ ಕನ್ನಡಕ ಹಾಕಿಸುತ್ತಾರೆಂದು ತಿಳಿದು, ತನಗೂ ಕಣ್ಣು ಮಂಜು ಎಂದು ಸುಳ್ಳು ಹೇಳಿ ಜೊತೆಗೆ ಹೋಗಿದ್ದಳು. ವೈದ್ಯರು ತೋರಿಸಿದ ಫಲಕದ ಕೊನೆಯ ಸಾಲನ್ನು ತಂಗಿ ತಡವರಿಸುತ್ತ ತಪ್ಪು ಓದಿದಾಗ ತಡೆಯಲಾರದೆ ತಾನು ಸರಿಯಾಗಿ ಓದಿ ಸಿಕ್ಕಿಬಿದ್ದಳು. ಇನ್ನು ಕೊಡುವುದೆಂದರೆ ಅವಳಿಗೆ ಹಲ್ಲು ಕೀಳಿಸಿಕೊಂಡ ಹಾಗೆ. ಚೆನ್ನಾಗಿ ಉಲ್ಲನ್ ಹೆಣೆಯುತ್ತಿದ್ದಳು. ಯಾರಾದರೂ ಹೇಳಿಕೊಡಿ ಎಂದರೆ ಇಲ್ಲವೆನ್ನುತ್ತಿರಲಿಲ್ಲ, ಒಂದು ಗಂಟು ಬಿಟ್ಟು ಹೇಳಿಕೊಡುತ್ತಿದ್ದಳು.

ಅವಳು ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಗಾಜು ತಯಾರಿಸುವ ಕಾರ್ಖಾನೆಯಲ್ಲಿ. ಕೆಳಗೆ ಉದ್ದನೆಯ ಹಜಾರದಲ್ಲಿ ಉಜ್ಜುವ ಯಂತ್ರಗಳು ದಿನವಿಡೀ ನೀರು ಚಿಮ್ಮಿಸುತ್ತ ತಿರುಗುತ್ತಿದ್ದವು. ಅಲ್ಲಿ ಓಡಾಡಿದವರ ಚಪ್ಪಲಿಗೆಲ್ಲ ಸುಣ್ಣದಂಥ ಬಿಳಿ ಕೆಸರು. ಮೇಲಿನ ಮಹಡಿಯಲ್ಲಿ ಕಚೇರಿ. ಅದರ ತುದಿಯಲ್ಲಿ, ಗಾಜಿನ ಗೋಡೆಯ ಆಚೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಸಣ್ಣ ಕೋಣೆ ಅವಳದು. ಅಲ್ಲೇ ಇಟ್ಟಿದ್ದ ಸರ್ವರ್ ಎಂಬ ದೊಡ್ಡ ಕಂಪ್ಯೂಟರ್ ಬಿಸಿಯಾಗದಿರಲೆಂದು ಸದಾ ತಂಪು ಗಾಳಿ ಬೀಸುತ್ತಿತ್ತು, ಅವಳು ಬೇಸಿಗೆಯಲ್ಲೂ ಶಾಲು ಹೊದೆಯುತ್ತಿದ್ದಳು. ಊರಿನ ಒಳಗೂ ಹೊರಗೂ ಇರುವ ಕನ್ನಡಕದಂಗಡಿಗಳು ಗಿರಾಕಿಗಳ ಹೆಸರು, ವಯಸ್ಸು, ಫೋನ್ ನಂಬರು, ಎರಡೂ ಕಣ್ಣಿನ ಪವರು ಎಲ್ಲವನ್ನೂ ಒಂದು ಫೈಲಿನಲ್ಲಿ ತುಂಬಿ ಈ ಸರ್ವರಿಗೆ ಕಳಿಸುತ್ತಿದ್ದವು. ಅದು ಬಂದರೆ ಕೆಳಗಿನ ಯಂತ್ರಗಳು ತಿರುಗುತ್ತವೆ, ಬಾರದಿದ್ದರೆ ಇಲ್ಲ.

ಮೊದಲು ಆ ಫೈಲುಗಳು ಬೀದಿಯಲ್ಲಿ ಬಾಯಿತೆರೆದ ಚೀಲದಂತೆ ಬರುತ್ತಿದ್ದವು, ದಾರಿಯಲ್ಲಿ ಯಾರು ಬೇಕಾದರೂ ಇಣುಕಬಹುದಿತ್ತು. ಹಾಗೇ ಯಾರೋ ಇಣುಕಿದರು. ವಯಸ್ಸಾದ ಗಿರಾಕಿಗಳಿಗೆ ಫೋನ್ ಮಾಡಿ, ಹೆಸರು ಹಿಡಿದು ಮಾತಾಡಿಸಿ, ಅವರ ಪವರನ್ನು ಅವರಿಗೇ ಹೇಳಿ, ನಿಮ್ಮ ಕನ್ನಡಕ ಸಿದ್ಧವಾಗಿದೆ ಎಂದು ಮನೆಬಾಗಿಲಿಗೆ ಕಳಪೆ ಗಾಜು ತಂದು ಮಾರಿದರು. ಅಂಗಡಿಯವರು ಬಂದು ಕಾರ್ಖಾನೆಯ ಯಜಮಾನರ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ. ಆಗ, ಲೆಕ್ಕಪತ್ರ ವಿಭಾಗದಲ್ಲಿ ಮೂಲೆಗುಂಪಾಗಿದ್ದ ಇವಳು ಎದ್ದು ನಿಂತು, ಓದಿದ್ದು ಇದೇ, ಇದಕ್ಕೆ ಬೀಗ ಹಾಕುತ್ತೇನೆ ಎಂದಳು, ಹಾಕಿದಳು.

ಇಂಥ ಬೀಗಕ್ಕೆ ಎರಡು ಕೆಲಸ. ಒಂದು, ದಾರಿಯಲ್ಲಿ ಯಾರು ನೋಡಿದರೂ ತಲೆಬುಡ ಗೊತ್ತಾಗದಂತೆ ಫೈಲನ್ನು ಕಲಸಿಬಿಡುವುದು. ಎರಡನೆಯದು ಇನ್ನೂ ಮುಖ್ಯ: ಆ ತುದಿಯಲ್ಲಿ ಫೈಲಿಗೆ ಕೈಚಾಚಿ ನಿಂತಿರುವ ಯಂತ್ರ ನಿಜಕ್ಕೂ ಕಾರ್ಖಾನೆಯದೇ, ಅದರ ವೇಷ ಹಾಕಿದ ಇನ್ನಾರದೋ ಅಲ್ಲ ಎಂದು ಖಾತ್ರಿ ಮಾಡುವುದು. ಆ ಖಾತ್ರಿಗೇ ಸರ್ಟಿಫಿಕೇಟು ಎನ್ನುತ್ತಾರೆ. ಎಲ್ಲರೂ ಅದನ್ನು ಹೊರಗಿನ ಯಾವುದಾದರೂ ಸಂಸ್ಥೆಯಿಂದ ಪಡೆಯುತ್ತಾರೆ. ಆ ಸಂಸ್ಥೆಯ ಸಾಕ್ಷಿಯನ್ನು ಜಗತ್ತಿನ ಯಂತ್ರಗಳು ಪ್ರಶ್ನೆ ಕೇಳದೆ ನಂಬುತ್ತವೆ. ಯಜಮಾನರೂ ಹಾಗೇ ಮಾಡೋಣ ಎಂದರು. ಅವಳಿಗೆ ಮೈ ಉರಿಯಿತು. ನಮ್ಮ ಮನೆ ನಮ್ಮದು ಅಂತ ಯಾರೋ ಮೂರನೆಯವರು ಬಂದು ಹೇಳಬೇಕಾ ಎಂದು ಕೇಳಿದಳು. ಮುಖ ಕಾಣದ ಸಂಸ್ಥೆಯೊಂದರ ಮೇಲೂ ಹೊಟ್ಟೆಕಿಚ್ಚು ಪಡಬಲ್ಲವಳು ಅವಳು. ಸರ್ಟಿಫಿಕೇಟನ್ನು ತಾನೇ ತಯಾರಿಸಿ ತಾನೇ ಸಹಿ ಮಾಡಿದಳು.

ಹೀಗೆ ಸ್ವಂತ ಸಹಿಯ ಸರ್ಟಿಫಿಕೇಟನ್ನು ಅಂಗಡಿಯ ಕಂಪ್ಯೂಟರ್ ತಾನಾಗಿ ನಂಬುವುದಿಲ್ಲ. ಅದರ ಬೆರಳಚ್ಚನ್ನು, ಎಂದರೆ ಅಂಕಿ ಮತ್ತು ಅಕ್ಷರಗಳು ಜೋಡಿಜೋಡಿಯಾಗಿ ಸಾಲುಗಟ್ಟಿದ ಒಂದು ಉದ್ದನೆಯ ಗುರುತನ್ನು, ತೆರೆಯ ಮೇಲೆ ತೋರಿಸಿ, ಇದನ್ನು ಒಪ್ಪುತ್ತೀರಾ ಎಂದು ಕೇಳುತ್ತದೆ. ಒಪ್ಪಬೇಕೋ ಬೇಡವೋ ಎಂದು ಅಂಗಡಿಯವನಿಗೆ ಹೇಗೆ ತಿಳಿಯಬೇಕು? ಅದಕ್ಕೆ ಅವಳೊಂದು ಕ್ರಮ ಮಾಡಿದ್ದಳು. ವರ್ಷಕ್ಕೊಮ್ಮೆ ಹೊಸ ಸರ್ಟಿಫಿಕೇಟು ಮಾಡಿದಾಗ ಪ್ರತಿ ಅಂಗಡಿಗೂ ತಾನೇ ಫೋನ್ ಮಾಡಿ ಆ ಗುರುತನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದುವುದು. ಅಂಗಡಿಯವನು ತೆರೆಯ ಮೇಲೆ ಬೆರಳಿಟ್ಟು ಪ್ರತಿ ಜೋಡಿಯನ್ನೂ ತಾಳೆ ನೋಡುವುದು. ಎಲ್ಲ ಸರಿ ಇದ್ದರೆ ಮಾತ್ರ ಒಪ್ಪಿಗೆಯ ಗುಂಡಿ ಒತ್ತುವುದು. ಮೊದಲ ಸಲ ಎಲ್ಲರೂ ಬೀಡಾ ಜಗಿದಂತೆ "ಹೂಂ, ಹೂಂ" ಎನ್ನುತ್ತಲೇ ಇದ್ದರು. ನೋಡುತ್ತಿದ್ದಾರೋ ಬರೀ ಹೂಂಗುಟ್ಟುತ್ತಿದ್ದಾರೋ ಎಂದು ಅನುಮಾನ ಬಂದು, ಎರಡನೆಯ ವರ್ಷದಿಂದ ನಡುವೆ ಎಲ್ಲಾದರೂ ಒಂದು ಜೋಡಿಯನ್ನು ಬೇಕೆಂದೇ ತಪ್ಪು ಓದತೊಡಗಿದಳು. ಅಲ್ಲೂ ಹೂಂ ಎಂದವರ ಗತಿ ಮುಗಿಯಿತು. ಗಿರಾಕಿಗೆ ಕಣ್ಣು ಪರೀಕ್ಷೆ ಮಾಡೋ ನಿಮ್ಮ ಕಣ್ಣನ್ನ ಯಾರು ಪರೀಕ್ಷೆ ಮಾಡಬೇಕು ಎಂದು ಗದರಿಸಿ, ಮೊದಲಿಂದ ಮತ್ತೆ ತಾಳೆ ನೋಡಿಸುತ್ತಿದ್ದಳು. ತಲೆ ನರೆತ ಅಂಗಡಿ ಮಾಲೀಕರು ಅವಳ ಫೋನ್ ಬಂದರೆ ಶಾಲೆಯ ಹುಡುಗರಂತೆ ನೆಟ್ಟಗೆ ಕೂರುತ್ತಿದ್ದರು. ಬೀಗದಕ್ಕ ಎಂಬ ಹೆಸರು ಬಿದ್ದದ್ದು ಆಗಲೇ. ಹಿಂದಿನಿಂದ ಹಾಗೆ ಕರೆಯುತ್ತಾರೆಂದು ಅವಳಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಆ ಬೀಗವೊಂದೇ ಜೀವಮಾನದಲ್ಲಿ ಅವಳೊಬ್ಬಳದೇ ಆದ ವಸ್ತು.

ಆ ಕಚೇರಿಗೆ ಅವಳ ವಾರಗಿತ್ತಿ ಬಂದು ಸೇರಿದಳು.

ಗಂಡನ ತಮ್ಮನ ಹೆಂಡತಿ ಅವಳು. ಎರಡು ಸಂಸಾರವೂ ಒಂದೇ ಮನೆಯಲ್ಲಿ, ಹಿರಿಯವರು ಮೇಲೆ, ಕಿರಿಯವರು ಕೆಳಗೆ, ಅತ್ತೆ ಕೆಳಗಿನ ನಡುಕೋಣೆಯಲ್ಲಿ. ಕಿರಿಯವಳು ನಕ್ಕರೆ ಮಾತಾಡದ ಜನರೂ ಮಾತಾಡುತ್ತಿದ್ದರು. ಅತ್ತೆಯ ಊದಿದ ಕಾಲಿಗೆ ಎಣ್ಣೆ ತಿಕ್ಕುತ್ತ ಬಂದವಳು ಹಿರಿಯವಳು. ಆದರೆ ಅತ್ತೆ ಬಂದವರೊಡನೆ ಹೇಳುತ್ತಿದ್ದದ್ದು, "ಕಿರಿಯವಳ ಮಾತು ಕೇಳ್ತಾ ಇದ್ರೆ ನಂಗೆ ಕಾಲುನೋವೇ ಮರ್ತುಹೋಗತ್ತೆ ನೋಡಿ" ಎಂದು. ಎಣ್ಣೆಯ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದವಳಿಗೆ ಹೇಗಾಗಿರಬೇಡ. ಆ ಕಿರಿಯವಳು ಕೆಲಸ ಹುಡುಕುತ್ತ, ಕಾರ್ಖಾನೆಯಲ್ಲಿ ಫೋನಿನ ಮೇಲೆ ಆರ್ಡರ್ ವಿಚಾರಿಸುವವರು ಬೇಕು ಎಂಬ ಸುದ್ದಿ ಕೇಳಿ, ಅಕ್ಕನಿಗೆ ಒಂದು ಮಾತೂ ಹೇಳದೆ ಅರ್ಜಿ ಹಾಕಿದಳು. ಹೇಳಿದ್ದರೆ ನೀವು ಶಿಫಾರಸು ಮಾಡಬೇಕಾಗ್ತಿತ್ತು, ನಿಮಗ್ಯಾಕೆ ಮುಜುಗರ ಅಂತ ಸುಮ್ಮನಿದ್ದೆ ಎಂದು ಆಮೇಲೆ ವಿವರಿಸಿದಳು. ಈ ವಿವರಣೆಯಲ್ಲಿ ತಪ್ಪು ಹುಡುಕಲು ಹಿರಿಯವಳು ಒಂದು ವಾರ ಹೆಣಗಿದಳು, ಸಿಗಲಿಲ್ಲ. ಅದು ಇನ್ನೂ ದೊಡ್ಡ ಉರಿಯಾಯಿತು.

ಬರುಬರುತ್ತ ಅಂಗಡಿಯವರೆಲ್ಲ "ಚಿಕ್ಕ ಮೇಡಂ ಇದ್ದಾರಾ" ಎಂದು ಕೇಳತೊಡಗಿದರು. ಯಾರ ಮಗಳು ಯಾವ ಪರೀಕ್ಷೆ ಕಟ್ಟಿದ್ದಾಳೆ, ಯಾರ ಹೆಂಡತಿಗೆ ಬೆನ್ನುನೋವು ಎಂಬುದೆಲ್ಲ ಕಿರಿಯವಳ ನಾಲಿಗೆಯ ತುದಿಯಲ್ಲಿತ್ತು. ಗಾಜಿನ ಗೋಡೆಯ ಈಚೆ ಶಾಲು ಹೊದ್ದು ಕೂತವಳಿಗೆ ಆಚೆಯ ನಗು ಕೇಳಿಸುತ್ತಿತ್ತು. ಬೆಣ್ಣೆ ಹಚ್ಚುವುದು ಎಂದುಕೊಂಡಳು. ಗಂಡನಿಗೂ ಹಾಗೇ ಹೇಳಿದಳು. ಅವನು ನೀರಿನ ಪಂಪು ರಿಪೇರಿ ಮಾಡುವವನು, ದಿನವಿಡೀ ಸದ್ದು ಕೇಳಿ ಕೇಳಿ ಮನೆಯಲ್ಲಿ ಮೌನವನ್ನೇ ಇಷ್ಟಪಡುತ್ತಿದ್ದ. "ಹಚ್ಚಲಿ ಬಿಡೇ, ನಿನ್ನ ಬೆಣ್ಣೆ ಅಲ್ವಲ್ಲ" ಎಂದು ಮಗ್ಗುಲಾದ.

ಆ ವರ್ಷ ಸರ್ಟಿಫಿಕೇಟು ಬದಲಿಸುವ ಕಾಲ ಬಂದಾಗ ಯಜಮಾನರು ಅವಳನ್ನು ಕರೆಸಿದರು. ಸುತ್ತುಬಳಸಿ ಮಾತಾಡಿದರು. ಅಂಗಡಿಯವರು ದೊಡ್ಡವರು, ಅವರಿಗೂ ಮಾನಮರ್ಯಾದೆ ಇದೆ, ಪ್ರತಿ ವರ್ಷ ಬೈಸಿಕೊಳ್ಳೋದಕ್ಕೆ ಅವರಿಗೂ ಬೇಜಾರು ಎಂದರು. ಈ ಸಲ ಫೋನ್ ಮಾಡುವ ಕೆಲಸ ಕಿರಿಯವಳು ಮಾಡಲಿ, ನೀವು ಒಳಗಿನದು ನೋಡಿಕೊಳ್ಳಿ. ಇದು ಚೆನ್ನಾಗಿ ನಡೆದರೆ ಬೀಗದ ಕೆಲಸ ಪೂರ್ತಿ ಅವಳಿಗೇ ಕಲಿಸಿಬಿಡಿ, ನಿಮ್ಮನ್ನ ಮತ್ತೆ ಲೆಕ್ಕಪತ್ರಕ್ಕೆ ಹಾಕ್ತೀನಿ, ಆ ತಣ್ಣನೆ ಕೋಣೇಲಿ ಎಷ್ಟು ದಿನ ಅಂತ ಶಾಲು ಹೊದ್ಕೊಂಡು ಕೂತಿರ್ತೀರಿ ಎಂದರು. ಉಪಕಾರ ಮಾಡುತ್ತಿರುವವರ ಮುಖವಿತ್ತು ಅವರದು.

ಆಗಲಿ ಎಂದು ಬಂದು ಕೋಣೆಯಲ್ಲಿ ಕೂತಳು. ಕಿರಿಯವಳು ಅತ್ತೆಯನ್ನು ಕಿತ್ತುಕೊಂಡಿದ್ದಾಯಿತು, ಅಂಗಡಿಯವರನ್ನು ಕಿತ್ತುಕೊಂಡಿದ್ದಾಯಿತು, ಈಗ ಇದು. ಯೋಚನೆ ಹೊಳೆಯಲು ಬಹಳ ಹೊತ್ತು ಬೇಕಾಗಲಿಲ್ಲ.

ಬೆರಳಚ್ಚನ್ನು ಅವಳು ಯಾವಾಗಲೂ ಕೈಯಿಂದಲೇ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದಳು. ತಂತಿಯಲ್ಲಿ ಬರುವುದನ್ನು ಪರೀಕ್ಷಿಸಲು ಅದೇ ತಂತಿಯಲ್ಲಿ ಬಂದದ್ದನ್ನು ನಂಬಬಾರದೆಂಬುದು ಅವಳ ನಿಯಮ. ಈ ಸಲವೂ ಬರೆದಳು. ನಡುವೆ 'ನಾಲ್ಕು ಎ' ಎಂದು ಬರಬೇಕಾದ ಕಡೆ 'ಏಳು ಎ' ಎಂದು ಬರೆದಳು. ಪ್ರತಿ ವರ್ಷ ಬಾಯಲ್ಲಿ ಮಾಡುತ್ತಿದ್ದದ್ದನ್ನು ಈ ವರ್ಷ ಕೈಯಲ್ಲಿ ಮಾಡಿದೆ, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡಳು. ವ್ಯತ್ಯಾಸವಿಷ್ಟೇ: ಪರೀಕ್ಷೆಯ ಸಂಗತಿಯನ್ನು ಕಿರಿಯವಳಿಗೆ ಹೇಳಲಿಲ್ಲ. ನಡೆಯುವುದು ಕಣ್ಣಿಗೆ ಕಟ್ಟಿದಂತಿತ್ತು. ಕಿರಿಯವಳು ಮಗಳ ಪರೀಕ್ಷೆ ವಿಚಾರಿಸುತ್ತ ಓದುತ್ತಾಳೆ, ಅಂಗಡಿಯವರು ಅವಳ ದನಿಯ ಇಂಪಿಗೆ ಹೂಂ ಹೂಂ ಎಂದು ಗುಂಡಿ ಒತ್ತುತ್ತಾರೆ. ಯಾರೋ ಒಬ್ಬ ತಪ್ಪು ಹಿಡಿದರೂ, "ಪರವಾಗಿಲ್ಲ ಒತ್ತಿ ಅಣ್ಣ" ಎನ್ನುತ್ತಾಳೆ. ಎಲ್ಲ ಮುಗಿದ ಮೇಲೆ ಚೀಟಿ ತೆಗೆದುಕೊಂಡು ಹೋಗಿ ಯಜಮಾನರ ಮೇಜಿನ ಮೇಲಿಟ್ಟು, ನೋಡಿ ನಿಮ್ಮ ಬೀಗದ ಗತಿ ಎಂದರೆ ಸಾಕು.

ಮರುದಿನ ಬೆಳಿಗ್ಗೆ ಚೀಟಿ ಕೊಟ್ಟಳು. ಕಿರಿಯವಳು ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಅಕ್ಕ, ನಿಮ್ಮ ಹಾಗೆ ಓದಕ್ಕೆ ನಂಗೆ ಬರಲ್ಲ. ತಪ್ಪಾದ್ರೆ ಬೈಬೇಡಿ."

"ಇದ್ದದ್ದು ಇದ್ದ ಹಾಗೆ ಓದು. ಸಾಕು."

ಮೊದಲ ಫೋನು ಪೇಟೆಯ ಮೂಲೆಯ ಅಂಗಡಿಗೆ. ಅಲ್ಲಿನ ಮುದುಕ ಹಿಂದೆ ಹಿರಿಯವಳಿಂದ ಅತಿ ಹೆಚ್ಚು ಬೈಸಿಕೊಂಡವನು. ಗಾಜಿನ ಈಚೆ ಇವಳು ಕಿವಿ ನಿಮಿರಿಸಿ ಕೂತಳು. ಮಗಳ ವಿಚಾರ ಬರಲಿಲ್ಲ. ಕಿರಿಯವಳ ದನಿ ಎಂದಿಗಿಂತ ಗಂಭೀರವಾಗಿತ್ತು. ಒಂದೊಂದು ಜೋಡಿಯನ್ನೂ ಬಿಡಿಸಿ ಓದುತ್ತ ಹೋದಳು. ನಡುವೆ ನಿಂತಳು. ಏನಂದ್ರಿ ಎಂದಳು. ಇನ್ನೊಮ್ಮೆ ಓದಿದಳು. ಆ ಕಡೆ ಮುದುಕ ನಗುತ್ತಿರಬೇಕು, ಯಾಕೆ ನಗ್ತಿದ್ದೀರಿ ಎಂದು ಕೇಳಿದಳು. ಒತ್ತಬೇಡಿ, ನಾನು ಆಮೇಲೆ ಮಾಡ್ತೀನಿ ಎಂದು ಇಟ್ಟಳು. ಎರಡನೆಯ ಅಂಗಡಿಗೆ ಮಾಡಿದಳು. ಅವನೂ ಅದೇ ಜಾಗದಲ್ಲಿ ನಿಲ್ಲಿಸಿದ. ಮೂರನೆಯವನೂ ನಿಲ್ಲಿಸಿದ. ದೊಡ್ಡ ರಸ್ತೆಯ ಅಂಗಡಿಯಾಕೆಯಂತೂ, ಇದು ಬೀಗದಕ್ಕನ ಪರೀಕ್ಷೆ ಅಲ್ವಾ, ನಾವು ಪಾಸಾ ಎಂದು ಕೇಳಿದಳಂತೆ; ಯಾವ ಪರೀಕ್ಷೆ ಎಂದು ಕಿರಿಯವಳಿಗೆ ತಲೆಬುಡ ಗೊತ್ತಾಗಲಿಲ್ಲ.

ಶಾಲಿನೊಳಗೆ ಹಿರಿಯವಳ ಎದೆ ಉಬ್ಬಿತು. ನನ್ನ ಕೈಯಲ್ಲಿ ಕಲಿತವರು, ಯಾರ ಸಕ್ಕರೆ ಮಾತಿಗೂ ಕರಗಲಿಲ್ಲ! ಆದರೆ ಆ ಹಿಗ್ಗಿನ ಜೊತೆಗೇ ಒಂದು ಸಂಕಟವೂ ಹುಟ್ಟಿತು: ಅವರು ಪಾಸಾದರೆ ಕಿರಿಯವಳು ಫೇಲಾಗಬೇಕಲ್ಲ. ಈಗಲಾದರೂ ಒತ್ತಿ ಅಣ್ಣ ಎನ್ನಲಿ ಎಂದು ಕಾದಳು.

ಕಿರಿಯವಳು ಹಾಗೆನ್ನಲಿಲ್ಲ. ಎದ್ದು ನೇರ ಯಜಮಾನರ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು. ನಮ್ಮ ಕೈಲಿರೋ ಗುರುತೇ ಬೇರೆ, ಅಂಗಡಿಯವರಿಗೆ ಕಾಣ್ತಿರೋದೇ ಬೇರೆ; ನಡುವೆ ಯಾರೋ ನಮ್ಮ ವೇಷ ಹಾಕಿಕೊಂಡು ಕೂತಿರಬಹುದು, ತಿಳಿಯೋವರೆಗೂ ಒಂದು ಫೈಲೂ ಬರಬಾರದು ಎಂದಳು. ಯಜಮಾನರು ಬೆವರಿದರು. ಹಳೆಯ ಮೋಸ ಅವರ ನೆನಪಿನಲ್ಲಿ ಇನ್ನೂ ಹಸಿಯಾಗಿತ್ತು. ಕಿರಿಯವಳು ಹೊರಗೆ ಬಂದು ಉಳಿದ ಅಂಗಡಿಗಳಿಗೆಲ್ಲ ಫೋನ್ ಮಾಡಿ, ಯಾರೂ ಒಪ್ಪಿಗೆ ಒತ್ತಬೇಡಿ, ಏನೂ ಕಳಿಸಬೇಡಿ ಎಂದಳು. ಅರ್ಜೆಂಟಾಗಿದೆ ಎಂದು ಗೋಗರೆದವನಿಗೂ, "ನಿಮ್ಮ ಮಗಳದೇ ಕನ್ನಡಕ ಆಗಿದ್ರೂ ಇಲ್ಲ ಅಣ್ಣ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಳು. ಸ್ವಲ್ಪ ಹೊತ್ತಿಗೆ ಕೆಳಗಿನ ಯಂತ್ರಗಳ ಸದ್ದು ಒಂದೊಂದಾಗಿ ಅಡಗಿತು. ಕೆಲಸಗಾರರು ಬಿಳಿ ಕೆಸರಿನ ಕೈ ಒರೆಸಿಕೊಳ್ಳುತ್ತ ಮೆಟ್ಟಿಲ ಹತ್ತಿರ ಬಂದು ಮೇಲೆ ನೋಡತೊಡಗಿದರು.

ಹಿರಿಯವಳು ಕೂತಲ್ಲೇ ಕೂತಿದ್ದಳು. ತಾನಾಗಿದ್ದರೂ ಇದನ್ನೇ ಮಾಡುತ್ತಿದ್ದೆ, ಹೀಗೇ ಮಾಡುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಆ ಅರಿವಿನಷ್ಟು ಕಹಿಯಾದದ್ದನ್ನು ಅವಳು ಹಿಂದೆಂದೂ ನುಂಗಿರಲಿಲ್ಲ.

ಯಜಮಾನರು ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡರು. ತಪ್ಪು ಯಾರದು, ಬರೆದವರದೋ ಓದಿದವರದೋ, ಇಲ್ಲ ನಿಜವಾಗಿ ಕಳ್ಳ ನುಗ್ಗಿದ್ದಾನೋ ಎಂದು ಕೇಳಿದರು. ಹಿರಿಯವಳು ಬಾಯಿ ತೆರೆಯುವ ಮೊದಲೇ ಕಿರಿಯವಳು ಮಾತಾಡಿದಳು.

"ಅಕ್ಕ ತಪ್ಪು ಬರೆಯೋರಲ್ಲ ಸರ್. ಕಳ್ಳ ಬಂದಿಲ್ಲ ಅಂದ್ರೆ ನಾನೇ ಎಲ್ಲೋ ತಪ್ಪು ಓದಿರ್ತೀನಿ. ನನ್ನ ಮೇಲೇ ಹಾಕಿ."

ಅಲ್ಲಿಗೆ ಹಿರಿಯವಳ ತಾಳ್ಮೆ ತಪ್ಪಿತು. ನಗು, ಮಾತು, ಅತ್ತೆಯ ಪ್ರೀತಿ ಎಲ್ಲ ಅವಳ ಪಾಲಾಗಿತ್ತು. ಈಗ ಇನ್ನೊಬ್ಬರ ತಪ್ಪನ್ನು ತಲೆಮೇಲೆ ಹೊತ್ತ ದೊಡ್ಡತನವೂ ಅವಳಿಗೇ ಸೇರಬೇಕೆ? ಅದೊಂದನ್ನಾದರೂ ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

"ಚೀಟಿಯೇ ತಪ್ಪು. ನಾನೇ ಬರೆದೆ. ಬೇಕಂತಲೇ."

ಕಿರಿಯವಳು ತಿರುಗಿ ನೋಡಿದಳು. ಯಜಮಾನರು ಒಂದು ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟು, ಆಮೇಲೆ ಇದ್ದಕ್ಕಿದ್ದಂತೆ ಹಗುರಾದರು. ಓ, ನಿಮ್ಮ ಆ ಪರೀಕ್ಷೆನಾ ಎಂದು ನಕ್ಕೇಬಿಟ್ಟರು. ಅವರ ಮಟ್ಟಿಗೆ ಅದು ಪ್ರತಿ ವರ್ಷದ ಬೀಗದಕ್ಕನ ಕಾಟವೇ. ಅದರ ಹಿಂದೆ ಬೇರೇನಾದರೂ ಇರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ಕೋಪವೆಲ್ಲ ಕಿರಿಯವಳ ಮೇಲೆ ತಿರುಗಿತು. ಒಂದು ಮಾತು ಅಕ್ಕನನ್ನ ಕೇಳೋದು ಬಿಟ್ಟು ಕಾರ್ಖಾನೆಯನ್ನೇ ನಿಲ್ಲಿಸಿಬಿಟ್ಟಳಲ್ಲ, ಈ ಗಾಬರಿಯ ಬುದ್ಧಿಗೆ ಬೀಗದ ಕೆಲಸ ಆಗಿಬರುವುದಿಲ್ಲ ಎಂದರು. ಅವಳು ಆರ್ಡರ್ ಫೋನಿಗೇ ಇರಲಿ. ನೀವೇ ಎಲ್ಲ ನೋಡಿಕೊಳ್ಳಿ, ಇನ್ನು ಆ ಮಾತೇ ಬೇಡ ಎಂದು ಹಿರಿಯವಳಿಗೆ ಹೇಳಿ, ಯಂತ್ರಗಳನ್ನು ಶುರು ಮಾಡಿಸಲು ತಾವೇ ಕೆಳಗಿಳಿದರು.

ಬಯಸಿದ್ದು ಬಯಸಿದ್ದಕ್ಕಿಂತ ಸುಲಭವಾಗಿ ಕೈಗೆ ಬಂದಿತ್ತು. ಹಿರಿಯವಳು ತನ್ನ ಕೋಣೆಗೆ ಹೋಗಿ ಕೂತಳು. ಗಾಜಿನ ಆಚೆ ಕಿರಿಯವಳು ಫೋನಿನ ಮುಂದೆ ಕೂತಿದ್ದಳು. ಅಳುತ್ತಿರಲಿಲ್ಲ. ಫೋನಿನ ಸುರುಳಿ ತಂತಿಯ ಸಿಕ್ಕನ್ನು ತಾಳ್ಮೆಯಿಂದ ಬಿಡಿಸುತ್ತಿದ್ದಳು. ಪೂರ್ತಿ ಬಿಡಿಸಿದ ಮೇಲೆ ಎದ್ದು ಬಂದು ಬಾಗಿಲಲ್ಲಿ ನಿಂತಳು.

"ಪರೀಕ್ಷೆ ಅಂತ ನಂಗೊಬ್ಬಳಿಗೆ ಹೇಳಿದ್ರೆ ಏನಾಗ್ತಿತ್ತು ಅಕ್ಕ?"

"ಹೇಳಿದ್ರೆ ಅದು ನಿನಗೆ ಪರೀಕ್ಷೆ ಆಗ್ತಿರಲಿಲ್ಲ."

ಕಿರಿಯವಳು ಅರ್ಥಮಾಡಿಕೊಂಡಳು. ಅವಳ ಮುಖದಲ್ಲಿ ನಗುವಿರಲಿಲ್ಲ; ನಗುವಿಲ್ಲದ ಆ ಮುಖವನ್ನು ಹಿರಿಯವಳು ನೋಡುತ್ತಿರುವುದು ಅದೇ ಮೊದಲು.

"ಫೇಲಾದೆ ಅಲ್ವಾ?"

ಹಿರಿಯವಳು ತೆರೆಯ ಕಡೆ ತಿರುಗಿ ಕೆಲಸ ಶುರುಮಾಡಿದಳು. ಇಷ್ಟೊಂದು ಗುಲ್ಲಾದ ಸರ್ಟಿಫಿಕೇಟನ್ನು ಉಳಿಸಿಕೊಳ್ಳುವ ಮನಸ್ಸು ಅವಳಿಗಿರಲಿಲ್ಲ. ಅದನ್ನು ಅಳಿಸಿ ಇನ್ನೊಂದನ್ನು ತಯಾರಿಸತೊಡಗಿದಳು. ಕಿರಿಯವಳು ಹೋಗಲೋ ನಿಲ್ಲಲೋ ತಿಳಿಯದೆ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಕೊನೆಗೆ ತೆರೆಯ ಮೇಲೆ ಯಂತ್ರ ಒಂದು ಗುಟ್ಟಿನ ಪದ ಕೇಳಿತು. ಬೀಗದ ಕೀಲಿಗೆ ಹಾಕುವ ಪದ ಅದು. ಸರ್ವರ್ ಒಮ್ಮೆ ನಿಂತು ಮತ್ತೆ ಏಳಬೇಕಾದರೆ ಆ ಪದ ಹೊಡೆಯಲೇಬೇಕು. ಅದು ಯಾರ ತಲೆಯಲ್ಲಿದೆಯೋ ಬೀಗ ಅವರದು. ಯಜಮಾನರಿಗೂ ಅವಳು ಅದನ್ನು ಹೇಳಿದ್ದಿಲ್ಲ. ಜ್ವರ ಬಂದು ಮಲಗಿದ್ದಾಗಲೂ ಶಾಲು ಸುತ್ತಿಕೊಂಡು ಬಂದು ತಾನೇ ಹೊಡೆದು ಹೋಗಿದ್ದಳು.

ಬೆರಳುಗಳು ಕೀಬೋರ್ಡಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತವು. ಆಮೇಲೆ ಎದ್ದಳು. ಕುರ್ಚಿಯನ್ನು ಬಾಗಿಲ ಕಡೆ ತಳ್ಳಿದಳು.

"ಕೂತ್ಕೋ. ಒಂದು ಪದ ಹಾಕು. ನಿಂಗೆ ಮರೆಯಬಾರದು, ಬೇರೆಯವರಿಗೆ ಹೊಳೆಯಬಾರದು."

"ಯಾವ್ದು ಹಾಕಲಿ ಅಕ್ಕ?"

"ನಂಗೆ ಹೇಳ್ಬೇಡ."

ಕಿರಿಯವಳು ಕೂತಳು. ಕೋಣೆ ಸಣ್ಣದು, ನಿಂತರೆ ಕೀಬೋರ್ಡು ಕಾಣದೆ ಇರುವ ಜಾಗವೇ ಇರಲಿಲ್ಲ. ಹಿರಿಯವಳು ಶಾಲನ್ನು ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ಬೆನ್ನ ಹಿಂದೆ ಗುಂಡಿಗಳು ಒಂದೊಂದಾಗಿ ಸದ್ದು ಮಾಡಿದವು. ಎಷ್ಟು ಅಕ್ಷರ ಎಂದು ಎಣಿಕೆ ಸಿಗದಿರಲೆಂದು ಅವಳು ಸುಮ್ಮನೆ ಕೆಮ್ಮಿದಳು.